ಬರೀ ಒಂದು ಸೂತು

ಎರಡನೆಯ ಡ್ರಿಲ್ ಬಿಟ್ ಕೂಡ ಮುರಿದಾಗ ನಾನು ಮೊದಲು ಬೈದದ್ದು ಬಿಟ್ ಮಾರಿದ ಅಂಗಡಿಯವನನ್ನು. ಬೆಂಕಿಕಡ್ಡಿಗಿಂತ ತೆಳ್ಳಗಿನ, ಒಂದೂವರೆ ಮಿಲಿಮೀಟರಿನ ಬಿಟ್ ಅದು. ಹಿತ್ತಾಳೆ ಬಿಲ್ಲೆಯೊಳಗೆ ಅರ್ಧ ಇಳಿದು ಟಿಕ್ಕೆಂದು ಮುರಿದು ತನ್ನ ತುಂಡನ್ನು ಒಳಗೇ ಉಳಿಸಿತ್ತು. ಆಮೇಲೆ ಹಿತ್ತಾಳೆಯನ್ನು ಬೈದೆ. ಸರಿಯಾಗಿ ಅದೇ ಹೊತ್ತಿಗೆ ಲೋಡ್‌ಶೆಡ್ಡಿಂಗ್ ಶುರುವಾಗಿ ಕರೆಂಟ್ ಹೋಯಿತು, ಅದನ್ನೂ ಬೈದೆ. ಡ್ರಿಲ್ ಮಷೀನನ್ನು ಮಾತ್ರ ಬೈಯಲಿಲ್ಲ. ಅಂಬರನಾಥದಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯ ಹಳೆಯ ಸಾಮಾನಿನ ರಾಶಿಯಿಂದ ಅದನ್ನು ಆರಿಸಿ ತಂದವನು ನಾನೇ.

ಬ್ಯಾಂಕಿನ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದ ಮೇಲೆ, ಡೊಂಬಿವಲಿಯ ನಮ್ಮ ನೆಲಮಹಡಿಯ ಮನೆಯ ಗ್ಯಾಲರಿಗೆ ಗ್ರಿಲ್ಲು, ಮೇಲೊಂದು ಶೀಟು ಹಾಕಿಸಿ ವರ್ಕ್‌ಶಾಪ್ ಎಂದು ಕರೆಯುತ್ತಿದ್ದೆ. ಉಡುಪಿ ಕಡೆಯ ನನ್ನ ಹೆಂಡತಿ ಅದನ್ನು ಗುಜರಿ ಎಂದು ಕರೆಯುತ್ತಿದ್ದಳು. ಬಾಗಿಲ ಹಿಡಿಕೆ, ಪರದೆಯ ಬ್ರಾಕೆಟ್ಟು, ಮಿಕ್ಸಿಯ ಮುರಿದ ಕಪ್ಲರ್ರು ಹೀಗೆ ಸುತ್ತಮುತ್ತಲಿನವರ ಸಣ್ಣಪುಟ್ಟ ಕೆಲಸ ಬರುತ್ತಿತ್ತು. ನನ್ನ ಕೈಯಲ್ಲಿ ಕೆಲಸವಿದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಬಿಲ್ಲೆ ಬೇಕಾಗಿದ್ದದ್ದು ಪಕ್ಕದ ಬಿಲ್ಡಿಂಗಿನ ಅಕ್ಕನಿಗೆ. ಬಾಗಲಕೋಟೆ ಕಡೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ ಇರಬೇಕು, ಆದರೂ ಇಡೀ ಗಲ್ಲಿಗೆ ಅಕ್ಕ. ಹನ್ನೆರಡು ವರ್ಷದಿಂದ ಸ್ಟೇಷನ್ ಹತ್ತಿರದ ಒಂದು ಫರಸಾಣ ಅಂಗಡಿಗೆ, ಎಂದರೆ ಕುರುಕಲು ತಿಂಡಿಯ ಅಂಗಡಿಗೆ, ದೀಪಾವಳಿಯ ಶೇವ್ (ನಮ್ಮ ಖಾರಸೇವೆ), ಚಕ್ಕುಲಿ ಮಾಡಿಕೊಡುತ್ತಿದ್ದರು. ಕೈ ಇವರದ್ದು, ಪಾಕೀಟಿನ ಮೇಲಿನ ಹೆಸರು ಅಂಗಡಿಯದ್ದು. ಆ ವರ್ಷ ಅಂಗಡಿಯವನ ಜೊತೆ ಮಾತಿಗೆ ಮಾತು ಬೆಳೆದು ಬಿಟ್ಟುಬಂದರು. ಬೆಳಗಿನ ಲೋಕಲ್ಲಿಗೆ ಕಾಯುವ ಆಫೀಸಿನ ಹೆಂಗಸರಿಗೆ ಪ್ಲಾಟ್‌ಫಾರಂನಲ್ಲೇ ಸ್ಯಾಂಪಲ್ ತಿನ್ನಿಸಿ, ಅರವತ್ತು ಪಾಕೀಟು ಸಣ್ಣ ಎಳೆಯ ಬಾರೀಕ್ ಶೇವ್‌ನ ಆರ್ಡರ್ ತಾವೇ ಹಿಡಿದರು. ಈ ಕಡೆ ದೀಪಾವಳಿ ಶುರುವಾಗುವ ವಸುಬಾರಸದ ದಿನ ಬೆಳಿಗ್ಗೆ ಅದೇ ಪ್ಲಾಟ್‌ಫಾರಂನಲ್ಲಿ ಕೊಡುವುದು ಎಂದು ಮಾತಾಗಿತ್ತು.

ದಸರೆಯ ಮರುದಿನ ನೋಡಿದರೆ, ತವರಿನಿಂದ ತಂದ ಅವರ ಭಾರೀ ಹಿತ್ತಾಳೆ ಚಕ್ಕುಲಿ ಒರಳಿನ ಸಣ್ಣ ತೂತಿನ ಬಿಲ್ಲೆ ನಡುವೆ ಸೀಳಿತ್ತು. ಪೇಟೆಯ ಬಿಲ್ಲೆ ಯಾವುದೂ ಆ ಒರಳಿನ ಬಾಯಿಗೆ ಕೂರಲಿಲ್ಲ. ಅಂಗಡಿಯಲ್ಲಿದ್ದ ಶೇವ್ ಒತ್ತುವ ಮಷೀನು ಈಗ ಇವರ ಪಾಲಿಗಿಲ್ಲ.

"ಅಣ್ಣಾರ, ಇಂಥಾದ್ದ ಒಂದು ಬಿಲ್ಲಿ ಮಾಡಿಕೊಡ್ರಿ. ತೂತು ಎಲ್ಲಾ ಒಂದ ಸಮ ಇರಬೇಕ್ ನೋಡ್ರಿ. ಒಂದು ದಪ್ಪ ಒಂದು ಸಣ್ಣ ಆತಂದ್ರ, ಸಣ್ಣದು ಸುಟ್ಟು ಕರ್ರಗಾಗತೈತಿ, ದಪ್ಪದು ಹಸೀನ ಉಳೀತೈತಿ."

"ಎರಡು ದಿನ ಸಾಕು ಅಕ್ಕ" ಎಂದೆ. ಮುನ್ನೂರಕ್ಕೂ ಹೆಚ್ಚು ತೂತು ಕೊರೆಯಬೇಕಾದ ಕೆಲಸಕ್ಕೆ ಎರಡು ದಿನ ಎಂದ ನಾಲಿಗೆಗೆ ಬರೆ ಹಾಕಬೇಕಿತ್ತು.

ಎರಡು ಬಿಟ್ ಮುರಿದ ಮೇಲೆ, ಅದುವರೆಗೆ ಕೊರೆದಿದ್ದ ಹದಿನೆಂಟು ತೂತುಗಳನ್ನು ಭೂತಕನ್ನಡಿಯಲ್ಲಿ ನೋಡಿದೆ. ಒಂದೂ ದುಂಡಗಿರಲಿಲ್ಲ. ಕೆಲವು ಅವರೆಕಾಳಿನಂತೆ, ಕೆಲವು ಅಳುವ ಬಾಯಿಯಂತೆ. ಬಿಟ್ ಕಚ್ಚಿ ಹಿಡಿಯುವ ಚಕ್ಕಿಗೆ ಒಂದು ನೇರ ಸರಳು ಸಿಕ್ಕಿಸಿ, ಅದಕ್ಕೆ ಅಲ್ಲಾಟ ಅಳೆಯುವ ಡಯಲ್ ಗೇಜ್ ತಾಗಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿದೆ. ಮುಳ್ಳು ಸುಮ್ಮನೆ ನಿಲ್ಲಬೇಕಾದದ್ದು ಉಯ್ಯಾಲೆ ಆಡಿತು. ಆಗ ಮಷೀನನ್ನೂ ಬೈದೆ.

ಮೊದಲ ಅನುಮಾನ ಚಕ್ಕಿನ ಮೇಲೆ. ಠಾಣೆಗೆ ಹೋಗಿ ಹೊಸ ಚಕ್ ತಂದು ಹಾಕಿದೆ. ಮುಳ್ಳು ಅಷ್ಟೇ ಆಡಿತು. ಎರಡನೆಯ ಅನುಮಾನ ಬೇರಿಂಗ್ ಮೇಲೆ. ಅದನ್ನು ತೆಗೆಯಲು ಮೇಲಿನ ಪುಲ್ಲಿ ಬಿಚ್ಚಬೇಕು. ಪುಲ್ಲಿಯೋ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು ಒಂದು ಇಡೀ ದಿನ ಕಾದು, ಕೊನೆಗೆ ಅಡುಗೆಮನೆಯ ಗ್ಯಾಸಿನ ಮೇಲೆ ಕಾಯಿಸಿ, ಮರದ ಸುತ್ತಿಗೆಯಲ್ಲಿ ಬಡಿದು ಬಿಡಿಸಿದೆ.

"ಗ್ಯಾಸಲ್ಲಿ ಇನ್ನು ಎಂತೆಂತ ಬೇಯಿಸ್ತೀರಿ ಮಾರಾಯ್ರೆ? ನಾಳೆ ಸಾಂಬಾರಿಗೂ ಗ್ರೀಸ್ ವಾಸನೆ ಬರ್ತದೆ" ಎಂದು ಹೆಂಡತಿ ಕಿಟಕಿ ತೆರೆದಳು.

ಬೇರಿಂಗ್ ಹುಡುಕಿಕೊಂಡು ಕಲ್ಯಾಣಕ್ಕೆ ಹೋದೆ. ಡಬ್ಬಿ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು. ಮನೆಗೆ ತಂದು ಬೆರಳಲ್ಲಿ ತಿರುಗಿಸಿದರೆ ಒಳಗೆ ಮರಳು ಹಾಕಿದಂತೆ ಗರಗರ ಎಂದಿತು. ಕನ್ನಡಕ ಹಾಕಿಕೊಂಡು ಉಂಗುರದ ಮೇಲಿನ ಕಂಪನಿಯ ಹೆಸರು ಓದಿದೆ. ಒಂದು ಅಕ್ಷರ ತಪ್ಪಿತ್ತು. ಮರುದಿನ ಮತ್ತೆ ಕಲ್ಯಾಣ. ಅಂಗಡಿಯವನು ಚಹಾ ಕುಡಿಯುತ್ತಾ ನನ್ನನ್ನೇ ಕೇಳಿದ, "ಓರಿಜಿನಲ್ ಚಾಹಿಯೇ, ಐಸಾ ಬೋಲಾ ಥಾ ಕ್ಯಾ ಆಪನೇ?" ಅಸಲಿ ಬೇಕೆಂದು ನೀವು ಹೇಳಿದ್ದಿರಾ ಎಂದು! ಹೇಳದಿದ್ದರೆ ನಕಲಿ ಕೊಡುವುದು ಅವನ ಧರ್ಮ, ಹೇಳದೆ ಹೋದದ್ದು ನನ್ನ ತಪ್ಪು. ಹಲ್ಲು ಕಚ್ಚಿಕೊಂಡು ಅಸಲಿ ಎಂದು ಎರಡು ಸಲ ಹೇಳಿ ಬೇರೆ ತಂದೆ.

ಹೊಸ ಬೇರಿಂಗ್ ಕೂರಿಸಿದ ಮೇಲೆ ಮಷೀನಿನ ಗಲಾಟೆ ನಿಂತಿತು. ಡಯಲ್ ಗೇಜಿನ ಮುಳ್ಳೂ ತೆಪ್ಪಗಾಯಿತು. ನಾನು ಗೆದ್ದೆ ಎಂದುಕೊಂಡು ತೂತು ಕೊರೆದೆ. ಮತ್ತೆ ಅವರೆಕಾಳು.

ಆಮೇಲೆ ಹೊಳೆದು, ತಿರುಗಿಸುವುದನ್ನು ಬಿಟ್ಟು ಹೆಬ್ಬೆರಳಿನಿಂದ ಚಕ್ಕನ್ನು ಪಕ್ಕಕ್ಕೆ ಒತ್ತಿ ನೋಡಿದೆ. ಮುಳ್ಳು ಎದ್ದು ಕುಣಿಯಿತು. ರೋಗ ಸಿಕ್ಕಿತು. ಡ್ರಿಲ್ ಮಷೀನಿನ ತಲೆಯೊಳಗೆ ಒಂದು ಉಕ್ಕಿನ ಕೊಳವೆ ಇರುತ್ತದೆ, ಅದಕ್ಕೆ ಕ್ವಿಲ್ ಎನ್ನುತ್ತಾರೆ. ತಿರುಗುವ ಸ್ಪಿಂಡಲ್ಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೇಲೆ ಕೆಳಗೆ ಜಾರುವುದು ಇದರ ಕೆಲಸ. ಇದರ ಬೆನ್ನಿನ ಮೇಲೆ ಹಲ್ಲುಗಳಿವೆ. ಪಕ್ಕದ ಹಿಡಿಕೆ ಎಳೆದರೆ ಒಂದು ಹಲ್ಲುಚಕ್ರ ಆ ಹಲ್ಲುಗಳನ್ನು ಹಿಡಿದು ಕ್ವಿಲ್ಲನ್ನು ಕೆಳಗಿಳಿಸುತ್ತದೆ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಜಾರಿ ಜಾರಿ ಕ್ವಿಲ್ಲಿನ ಮೈ ಸವೆದು ಅಂಡಾಕಾರವಾಗಿತ್ತು, ಅದು ಜಾರುವ ರಂಧ್ರವೂ ಸವೆದು ಅಗಲವಾಗಿತ್ತು. ದೊಗಳೆ ಚಪ್ಪಲಿಯಲ್ಲಿ ಕಾಲಿಟ್ಟ ಹಾಗೆ ಇಡೀ ಸ್ಪಿಂಡಲ್ ಒಳಗೆ ಓಲಾಡುತ್ತಿತ್ತು. ಚಕ್ಕೂ ಬೇರಿಂಗೂ ಬದಲಾಯಿಸಿ ವಾರ ಕಳೆದ ಮೇಲೆ ಇದು ನನಗೆ ಗೊತ್ತಾಯಿತು.

ಇದು ಮನೆಯಲ್ಲಿ ಆಗುವ ಕೆಲಸವಲ್ಲ, ಲೇತ್ ಬೇಕು. ಅಂಬರನಾಥದಲ್ಲಿ ಒಬ್ಬ ಟರ್ನರ್ ಇದ್ದ. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ಕೈ ಚೊಕ್ಕ. ಎರಕದ ಕಬ್ಬಿಣದ ಆ ತಲೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ಲಗೇಜ್ ಡಬ್ಬಿ ಹತ್ತಿದೆ. ಮೀನಿನ ಬುಟ್ಟಿಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಮೀನಿನಾಕೆ ಗೋಣಿಯನ್ನು ಒದ್ದು ನೋಡಿ, ಇದರಲ್ಲಿ ಹೆಣವಿದೆಯಾ ಎಂದು ಕೇಳಿದಳು. ಹೆಚ್ಚುಕಡಿಮೆ ಹಾಗೇ ಎಂದೆ.

ಟರ್ನರನಿಗೆ ಕೆಲಸ ವಿವರಿಸಿದೆ. ತಲೆಯ ರಂಧ್ರವನ್ನು ಒಂದಿಷ್ಟು ದೊಡ್ಡದು ಮಾಡಿ ಅದರೊಳಗೆ ಗನ್‌ಮೆಟಲ್ಲಿನ ಬುಶ್, ಎಂದರೆ ಒಂದು ಹೊಸ ಬಳೆ, ಕೂರಿಸಬೇಕು. ಕ್ವಿಲ್ಲಿನ ಮೈಯನ್ನು ಸುತ್ತಲೂ ಹೊಳಪು ಬರುವಷ್ಟು ಮಾತ್ರ ಹೆರೆದು ದುಂಡಗೆ ಮಾಡಿ, ಬುಶ್ಶಿಗೆ ಬಿಗಿಯಾಗಿ ಹೊಂದಿಸಬೇಕು. ಅವನು ಕ್ವಿಲ್ಲನ್ನು ಕೈಯಲ್ಲಿ ಹೊರಳಿಸಿ ನೋಡಿದ.

"ಕಿತ್ನಾ ನಿಕಾಲ್ನೇಕಾ?" ಎಷ್ಟು ತೆಗೆಯಲಿ?

ಮೈಸೂರಿನ ನಮ್ಮ ಮನೆಯಲ್ಲಿ ತೀರಾ ಅಲ್ಪವಾದದ್ದಕ್ಕೆ ನೂಲು ಎನ್ನುತ್ತಿದ್ದರು. ರವಿಕೆ ಬಿಗಿ ಮಾಡುವಾಗ ನಮ್ಮಮ್ಮ "ಇನ್ನೊಂದು ನೂಲು ಒಳಗೆ ಹೊಲಿ" ಎನ್ನುವಳು. ನಾನು ಅದನ್ನೇ ಠೀವಿಯಿಂದ ಹಿಂದಿಗೆ ತಿರುಗಿಸಿದೆ.

"ಬಸ್, ಏಕ್ ಸೂತ್, ಉಸ್ತಾದ್."

ಅವನು ಕತ್ತೆತ್ತಿದ. "ಏಕ್ ಸೂತ್? ಬಹುತ್ ಹೋತಾ ಹೈ, ಸಾಬ್." ಅದು ಬಹಳವಾಗುತ್ತದೆ ಎಂದ.

ಇವರದ್ದು ಯಾವಾಗಲೂ ಇಷ್ಟೇ, ಕೆಲಸ ತಪ್ಪಿಸಿಕೊಳ್ಳಲು ಒಂದು ನೆಪ ಎಂದುಕೊಂಡೆ. ನಗುತ್ತಾ ಹೇಳಿದೆ, "ಅರೇ, ಸೂತ್ ಕಿತ್ನಾ ಹೋತಾ ಹೈ! ಏಕ್ ಸೂತ್ ನಿಕಾಲೋ, ಮೇರೀ ಜಿಮ್ಮೇದಾರೀ." ಒಂದು ನೂಲು ಎಂದರೆ ಎಷ್ಟಾದೀತು ಮಹಾ, ತೆಗೆ, ಹೊಣೆ ನನ್ನದು.

ಅವನು ಹೆಗಲು ಕುಣಿಸಿ ಚೀಟಿಯಲ್ಲಿ ಏನೋ ಬರೆದುಕೊಂಡ.

ನಾಳೆ ಬನ್ನಿ ಎಂದ. ನಾಳೆ ಹೋದರೆ ಅಲ್ಲಿ ಕರೆಂಟಿರಲಿಲ್ಲ. ನಾಡಿದ್ದು ಹೋದರೆ ಯಾವುದೋ ಕಂಪನಿಯ ಅರ್ಜೆಂಟ್ ಕೆಲಸ ಲೇತಿನ ಮೇಲಿತ್ತು. ಭಾನುವಾರ ಖಂಡಿತ ಎಂದ. ಭಾನುವಾರ ಹಳಿ ದುರಸ್ತಿಗೆಂದು ಗಾಡಿಗಳನ್ನು ನಿಲ್ಲಿಸುವ ಮೆಗಾಬ್ಲಾಕು. ಡೊಂಬಿವಲಿ ಸ್ಟೇಷನ್ನಿನಲ್ಲಿ ಒಂದೂವರೆ ಗಂಟೆ ನಿಂತು, ಅಂಬರನಾಥಕ್ಕೆ ತಲುಪುವ ಹೊತ್ತಿಗೆ ಅವನು ಊಟಕ್ಕೆ ಹೋಗಿದ್ದ. ಊಟ ಮುಗಿಸಿ ಬಂದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ಬಿಚ್ಚಿ ಕೈಗೆ ಕೊಟ್ಟ.

ಬುಶ್ ಬಂಗಾರದಂತೆ ಹೊಳೆಯುತ್ತಿತ್ತು. ಅದರೊಳಗೆ ಕ್ವಿಲ್ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರುತ್ತಿತ್ತು, ಒಂದಿಷ್ಟೂ ಅಲ್ಲಾಟವಿಲ್ಲ. ಶಹಭಾಸ್ ಎನ್ನಲು ಬಾಯಿ ತೆರೆದವನು ಕ್ವಿಲ್ಲನ್ನು ತಿರುವಿ ಅದರ ಬೆನ್ನು ನೋಡಿದೆ. ಹಲ್ಲುಗಳಿರಲಿಲ್ಲ. ಇದ್ದವು, ಆದರೆ ಎಳೆಕೂಸಿನ ವಸಡಿನಲ್ಲಿ ಹಲ್ಲು ಮೂಡುವಾಗ ಇರುತ್ತದಲ್ಲ, ಅಷ್ಟು. ಹಲ್ಲುಚಕ್ರ ಅದರ ಮೇಲೆ ಸುಮ್ಮನೆ ಜಾರುತ್ತಿತ್ತು.

"ಇದೇನು ಮಾಡಿದೆ!" ಎಂದು ಕನ್ನಡದಲ್ಲೇ ಕೂಗಿದೆ.

ಅವನಿಗೆ ಕೂಗು ಅರ್ಥವಾಯಿತು. ಮೊಳೆಗೆ ಸಿಕ್ಕಿಸಿದ್ದ ಚೀಟಿ ತಂದು ಮುಂದೆ ಹಿಡಿದ. "ಏಕ್ ಸೂತ್ ಬೋಲಾ. ಏಕ್ ಸೂತ್ ನಿಕಾಲಾ." ಆಮೇಲೆ ಸ್ಟೀಲಿನ ಅಡಿಪಟ್ಟಿ ತೆಗೆದು, ಒಂದು ಇಂಚಿನ ಎಂಟು ಭಾಗಗಳಲ್ಲಿ ಒಂದನ್ನು ಉಗುರಿನಲ್ಲಿ ತೋರಿಸಿದ. ಅದು ಸೂತು. ಮೂರು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ಈ ಕಡೆಯ ಬಡಗಿ, ಟರ್ನರ್, ಗಾರೆಯವ ಎಲ್ಲರೂ ದಿನಬೆಳಗಾದರೆ ಆಡುವ ಅಳತೆ. ನನಗೆ ಬೇಕಾಗಿದ್ದದ್ದು ಅದರ ಇಪ್ಪತ್ತರಲ್ಲಿ ಒಂದು ಪಾಲು. ಅವನು ಬಹಳವಾಗುತ್ತದೆ ಎಂದು ಎಚ್ಚರಿಸಿಯೂ ಇದ್ದ. ಜಿಮ್ಮೇದಾರೀ ನನ್ನದು ಎಂದವನು ನಾನು. ಬೈಯಲು ಈಗ ಯಾರೂ ಉಳಿದಿರಲಿಲ್ಲ, ಮಾಡಿದ್ದುಣ್ಣೋ ಮಹರಾಯ. ಊರಿಗೆ ಫೋನ್ ಮಾಡಿದಾಗ ನಮ್ಮ ಭಾವ ಇನ್ನೊಂದು ಹೇಳಿದ: ನಮ್ಮ ಕಡೆ ಬಡಗಿಗಳು ನೂಲು ಎನ್ನುವುದೂ ಇಂಚಿನ ಎಂಟನೇ ಒಂದು ಪಾಲಿಗೇ ಅಂತೆ. ಹಿಂದಿಯನ್ನಾದರೂ ಬಿಡಿ, ಮೂವತ್ತು ವರ್ಷ ಲೆಡ್ಜರು ನೋಡಿದವನಿಗೆ ತನ್ನ ಕನ್ನಡವೂ ಗೊತ್ತಿರಲಿಲ್ಲ.

ತೂತನ್ನಾದರೂ ನಿನ್ನ ಮಷೀನಿನಲ್ಲೇ ಕೊರೆದುಕೊಡು ಎಂದು ಟರ್ನರನನ್ನು ಬೇಡಿದ್ದೆ. ಅವನದು ದೊಡ್ಡ ಡ್ರಿಲ್, ನಿಧಾನ ತಿರುಗುವಂಥದ್ದು, ಇಷ್ಟು ಸಣ್ಣ ಬಿಟ್ ಅದರಲ್ಲಿ ಉಳಿಯುವುದಿಲ್ಲ ಎಂದ. ಅದು ನಿಜವೇ. ಇನ್ನುಳಿದ ದಾರಿ ಹೊಸ ಮಷೀನು. ಮರುದಿನ ಠಾಣೆಗೆ ಹೋದೆ, ಜೇಬಲ್ಲಿ ಡಯಲ್ ಗೇಜ್. ಅಂಗಡಿಯಲ್ಲಿ ನೋಡಲೆಂದು ಇಟ್ಟಿದ್ದ, ಹಸಿರು ಬಣ್ಣ ಇನ್ನೂ ಆರದಂತಿದ್ದ ಹೊಚ್ಚಹೊಸ ಡ್ರಿಲ್ಲಿಗೆ ಗೇಜ್ ತಾಗಿಸಿ ಹೆಬ್ಬೆರಳಲ್ಲಿ ಒತ್ತಿದೆ. ಅದೂ ಕುಣಿಯಿತು. ನನ್ನ ಮುದುಕನಷ್ಟಲ್ಲ, ಆದರೂ ಕುಣಿಯಿತು.

"ಇತನಾ ತೋ ಚಲತಾ ಹೈ, ಅಂಕಲ್" ಎಂದ ಮಾರುವವನು. ಇಷ್ಟು ನಡೆಯುತ್ತದಂತೆ. ಇದಕ್ಕಿಂತ ಒಳ್ಳೆಯದು ಭಿವಂಡಿಯ ಗೋಡೌನಿನಲ್ಲಿದೆ, ಆದರೆ ಗಾಡಿ ಬರುವುದು ದೀಪಾವಳಿ ಕಳೆದ ಮೇಲೆ.

ಮನೆಗೆ ಬಂದರೆ ಅಕ್ಕ ನನ್ನ ಗ್ಯಾಲರಿಯ ಸ್ಟೂಲಿನ ಮೇಲೆ ಕೂತಿದ್ದರು. ಬೆಂಚಿನ ಮೇಲೆ ರುಂಡವಿಲ್ಲದ ಮಷೀನು, ಕೆಳಗೆ ಗೋಣಿಯಲ್ಲಿ ರುಂಡ. ವಸುಬಾರಸಕ್ಕೆ ಆರು ದಿನ ಉಳಿದಿತ್ತು. ಕರಿಯಲು ಅವರಿಗೆ ಮೂರು ದಿನವಾದರೂ ಬೇಕು. ಎಲ್ಲವನ್ನೂ ಹೇಳಿದೆ, ಸೂತಿನ ಕಥೆಯನ್ನೂ ಬಿಡಲಿಲ್ಲ. ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ.

"ಅಣ್ಣಾರ, ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ. ಅಂಗಡಿಯಾಂವ ನಿನ್ನೆ ಹೇಳಿಕಳಿಸ್ಯಾನ, ಮಷೀನು ಖಾಲಿ ಐತಿ, ಬರ್ತಿದ್ರ ಬಾ ಅಂತ. ಹೋದ್ನೆಂದ್ರ ಈ ಅರವತ್ತೂ ಅವನ ಪಾಕೀಟಿನ್ಯಾಗ ಹೋಗತಾವು. ಆ ಹೆಣಮಕ್ಕಳು ನನ್ನ ಮಾರಿ ನೋಡಿ ಆರ್ಡರ್ ಕೊಟ್ಟಾರ್ರೀ. ಮತ್ತ ಅವನ ಹಿತ್ತಲ ಬಾಗಲಕ್ಕ ಹೋಗಿ ನಿಂದ್ರೂದು ಹೆಂಗ?"

"ಅಲ್ಲಿಗೆ ಹೋಗಬೇಡಿ. ಎರಡು ದಿನ ಕೊಡಿ" ಎಂದೆ. ಮತ್ತದೇ ಎರಡು ದಿನ. ಈ ಸಲ ಹೇಗೆ ಮಾಡುವುದೆಂದೇ ನನಗೆ ಗೊತ್ತಿರಲಿಲ್ಲ. ಅವರು ಎದ್ದು ಹೋದರು. ಸಿಟ್ಟಿನಿಂದ ಹೋಗಿದ್ದರೆ ನನಗೆ ಸಮಾಧಾನವಿರುತ್ತಿತ್ತು.

ಅಡುಗೆಮನೆಗೆ ಹೋಗಿ ನೀರು ಕುಡಿದೆ. ಹೆಂಡತಿ ನೆಲದ ಮೇಲೆ ಈಳಿಗೆ ಮಣೆ ಹಾಕಿಕೊಂಡು ಸೌತೆಕಾಯಿ ಹೆಚ್ಚುತ್ತಿದ್ದಳು. ಅವಳ ಮುಂದೆ ಎಲ್ಲ ಗೋಳನ್ನೂ ತೋಡಿಕೊಂಡೆ: ತಿರುಗುವುದು ನೆಟ್ಟಗೆ ತಿರುಗುತ್ತದೆ, ಬುಶ್ಶಿನಲ್ಲಿ ಅಲ್ಲಾಟವಿಲ್ಲ, ಎಲ್ಲ ಸರಿಯಿದೆ, ಆದರೆ ಹಲ್ಲಿಲ್ಲದ್ದರಿಂದ ಬಿಟ್ ಕೆಳಗಿಳಿಯುವುದಿಲ್ಲ, ಇಳಿಯದ ಡ್ರಿಲ್ ತೆಗೆದುಕೊಂಡು ಏನು ಮಾಡಲಿ.

"ಎಂತಕ್ಕೆ ಇಳಿಬೇಕು ಅದು?" ಎಂದಳು. ಕೈ ನಿಲ್ಲಿಸಲಿಲ್ಲ. "ಈ ಕತ್ತಿ ಎಲ್ಲಿಯಾದ್ರೂ ಇಳೀತದಾ? ಇಪ್ಪತ್ತೈದು ವರ್ಷದಿಂದ ಕಾಯಿಯನ್ನೇ ಕತ್ತಿಗೆ ತಾಗಿಸಿ ಹೆಚ್ತಾ ಇದ್ದೇನೆ. ನಿಮಗೆ ಊಟ ಸಿಗ್ಲಿಲ್ವಾ?"

ನಾನು ಲೋಟ ಹಿಡಿದುಕೊಂಡೇ ಆ ಈಳಿಗೆಯನ್ನು ನೋಡಿದೆ. ಕತ್ತಿ ಮಣೆಗೆ ನಾಟಿಕೊಂಡು ಅಲ್ಲಾಡದೆ ನಿಂತಿತ್ತು. ಸೌತೆಕಾಯಿ ಅದರ ಬಳಿಗೆ ಹೋಗಿ ಹೋಳಾಗುತ್ತಿತ್ತು.

ಬಿಟ್ಟನ್ನು ಇಳಿಸುವ ಹಟವನ್ನು ಅಲ್ಲೇ ಬಿಟ್ಟೆ. ಕ್ವಿಲ್ಲನ್ನು ತಲೆಯೊಳಗೆ ಬಿಗಿದು ಶಾಶ್ವತವಾಗಿ ನಿಲ್ಲಿಸಿಬಿಡುವುದು, ಬಿಲ್ಲೆಯನ್ನು ಕೆಳಗಿನಿಂದ ಮೇಲೆತ್ತುವುದು. ಬಿಲ್ಲೆಯ ದಪ್ಪ ಮೂರು ಮಿಲಿಮೀಟರು, ಎತ್ತಬೇಕಾದದ್ದು ಬೆರಳಿನ ಅಗಲಕ್ಕಿಂತ ಕಡಿಮೆ. ಆದರೆ ಎತ್ತುವ ಮೇಜು ನೆಟ್ಟಗೆ ಏಳಬೇಕು, ಅತ್ತಿತ್ತ ಓಲಿದರೆ ಮತ್ತೆ ಅವರೆಕಾಳು. ಮಷೀನಿನ ಜೊತೆ ಬಂದ ಮೇಜಂತೂ ಕಂಬದ ಮೇಲೆ ಗಡಗಡ ಆಡುತ್ತಿತ್ತು.

ಬೆಳಿಗ್ಗೆ ಮೊದಲ ಗಾಡಿಗೇ ರುಂಡದೊಡನೆ ಅಂಬರನಾಥಕ್ಕೆ ಹೋದೆ. ಟರ್ನರ್ ನನ್ನನ್ನು ನೋಡಿ ಅಡಿಪಟ್ಟಿ ಕೈಗೆತ್ತಿಕೊಂಡ, ಜಗಳಕ್ಕೆ ಬಂದೆ ಎಂದುಕೊಂಡಿರಬೇಕು. ಕಾಗದದ ಮೇಲೆ ಗೀಚಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಬಾಗಿಲ ಬಳಿ ಹೋಗಿ, ಅದು ಮುಚ್ಚದಂತೆ ಒತ್ತಿಟ್ಟಿದ್ದ ಒಂದು ಕಬ್ಬಿಣದ ಮುದ್ದೆಯನ್ನು ಎತ್ತಿ ತಂದ. ಧೂಳು ಒರೆಸಿದರೆ ಅದು ಒಂದು ಹಳೆಯ ಡೈ-ಸೆಟ್. ವಾಷರ್ ಕತ್ತರಿಸುವ ಪ್ರೆಸ್ಸಿನಲ್ಲಿ ಇದನ್ನು ಬಳಸುತ್ತಾರೆ. ಕೆಳಗೊಂದು ತಟ್ಟೆ, ಮೇಲೊಂದು ತಟ್ಟೆ, ನಡುವೆ ಎರಡು ನುಣ್ಣನೆಯ ಕಂಬ. ಮೇಲಿನ ತಟ್ಟೆ ಆ ಕಂಬಗಳ ಮೇಲೆ ಏರಿಳಿಯುತ್ತದೆ, ಕೂದಲೆಳೆಯಷ್ಟೂ ಓಲುವುದಿಲ್ಲ, ಓಲಿದರೆ ಪ್ರೆಸ್ಸಿನ ಅಚ್ಚೇ ಒಡೆಯುತ್ತದೆ. ನನಗೆ ಬೇಕಾದ ಮೇಜು ಇಷ್ಟು ದಿನ ಅವನ ಬಾಗಿಲು ಕಾಯುತ್ತಿತ್ತು.

"ಲೇ ಜಾವ್" ಎಂದ. ಒಯ್ಯಿ ಎಂದ. ನಾನು ಜೇಬಿಗೆ ಕೈ ಹಾಕಿದ್ದಕ್ಕೆ ಮುಖ ಆ ಕಡೆ ತಿರುಗಿಸಿದ.

ಅಲ್ಲೇ ನಿಂತು ಬುಶ್ಶಿಗೆ ಉದ್ದಕ್ಕೆ ಒಂದು ಸೀಳು ಹಾಕಿಸಿದೆ. ತಲೆಯ ಮುಂಭಾಗದಲ್ಲಿ ಮೊದಲೇ ಇದ್ದ ಬೋಲ್ಟನ್ನು ಬಿಗಿದರೆ ಆ ಸೀಳು ಕೂಡಿಕೊಂಡು ಬುಶ್ ಕ್ವಿಲ್ಲನ್ನು ಸುತ್ತಲೂ ಹಿಡಿಯುತ್ತದೆ. ಅವನು ಎಷ್ಟು ಅಗಲದ ಸೀಳು ಎಂದು ಕೇಳಿದಾಗ ನಾನು ಬಾಯಿ ತೆರೆಯಲಿಲ್ಲ. ಕಾಗದದ ಮೇಲೆ ಮಿಲಿಮೀಟರಿನಲ್ಲಿ ಬರೆದು, ಕೆಳಗೆ ಗೆರೆ ಎಳೆದು ಕೊಟ್ಟೆ. ಅವನು ಆಗ ಮೊದಲ ಸಲ ನಕ್ಕ.

ಮನೆಯಲ್ಲಿ ಜೋಡಿಸಲು ಆ ದಿನದ ಉಳಿದ ಹೊತ್ತು ಪೂರ್ತಿ ಹಿಡಿಯಿತು. ಡೈ-ಸೆಟ್ಟಿನ ಕೆಳಗಿನ ತಟ್ಟೆಯನ್ನು ಮಷೀನಿನ ಬುಡಕ್ಕೆ ಬೋಲ್ಟಿನಿಂದ ಬಿಗಿದೆ. ಮೇಲಿನ ತಟ್ಟೆಯ ಅಡಿಗೆ ಒಂದು ದಪ್ಪ ಪಟ್ಟಿ ತೂರಿಸಿ ನಡುವೆ ಆಧಾರ ಕೊಟ್ಟು ಏತದಂತೆ ಮಾಡಿದೆ. ಮುಂದಿನ ತುದಿ ಒತ್ತಿದರೆ ತಟ್ಟೆ ಏಳುತ್ತದೆ, ಕೈ ಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಗೇಜ್ ತಾಗಿಸಿದೆ. ಹೆಬ್ಬೆರಳಲ್ಲಿ ಚಕ್ಕನ್ನು ಒತ್ತಿದೆ. ಮುಳ್ಳು ಅಲುಗಲಿಲ್ಲ. ನನಗೆ ನಂಬಿಕೆ ಬರದೆ ಗೇಜನ್ನೇ ತಟ್ಟಿ ನೋಡಿದೆ. ಇಷ್ಟರಲ್ಲಿ ಬಿಟ್ ಹಾಕಬೇಕೆಂದರೆ ಕರೆಂಟ್ ಹೋಯಿತು. ಈ ಊರಿನಲ್ಲಿ ದೇವರು ವರ ಕೊಟ್ಟರೂ ಲೋಡ್‌ಶೆಡ್ಡಿಂಗ್ ಬಿಡುವುದಿಲ್ಲ.

ಮರುದಿನ ಬೆಳಿಗ್ಗೆ ಕರೆಂಟಿರುವ ನಾಲ್ಕು ಗಂಟೆ, ಮಧ್ಯಾಹ್ನದ ಮೇಲೆ ಇನ್ನು ಮೂರು. ಹಿತ್ತಾಳೆ ಬಿಟ್ಟನ್ನು ಒಳಗೆ ಸೆಳೆದುಕೊಳ್ಳುವ ಲೋಹ. ಚೂಪಾದ ಬಿಟ್ ಇದ್ದರೆ ಗಬಕ್ಕನೆ ಎಳೆದು ಮುರಿಯುತ್ತದೆ. ಆದ್ದರಿಂದ ಹೊಸ ಬಿಟ್‌ನ ಅಂಚನ್ನು ಸಾಣೆಕಲ್ಲಿಗೆ ಒಂದೆರಡು ಸಲ ಸವರಿ ಚೂಪು ಕಡಿಮೆ ಮಾಡಿದೆ. ಬೆಲ್ಟನ್ನು ಎಲ್ಲಕ್ಕಿಂತ ವೇಗದ ಪುಲ್ಲಿಗೆ ಹಾಕಿದೆ. ಹೊಸ ಹಿತ್ತಾಳೆಯ ಮೇಲೆ ಸುತ್ತುಸುತ್ತಾಗಿ ಗುರುತು ಹಾಕಿ, ಒಂದೊಂದಕ್ಕೂ ಪಂಚಿನ ಚುಕ್ಕಿ ಇಟ್ಟುಕೊಂಡೆ. ಎಡಗೈ ಪಟ್ಟಿಯ ಮೇಲೆ, ಬಲಗೈ ಬಿಲ್ಲೆಯ ಮೇಲೆ. ಒತ್ತು, ಬಿಡು, ಸರಿಸು. ಬಿಲ್ಲೆಯ ಎದುರೊತ್ತು ಪಟ್ಟಿಯ ಮೂಲಕ ಅಂಗೈಗೆ ತಿಳಿಯುತ್ತಿತ್ತು. ಹಳೆಯ ಹಿಡಿಕೆಯಲ್ಲಿ ಅದು ಯಾವತ್ತೂ ತಿಳಿದಿರಲಿಲ್ಲ. ಬಿಟ್ ಹೊರಗೆ ಬರುವ ಕ್ಷಣ ಗೊತ್ತಾಗಿ ಕೈ ತಾನೇ ಸಡಿಲವಾಗುತ್ತಿತ್ತು. ಮುನ್ನೂರ ಹನ್ನೆರಡು ತೂತು, ಒಂದೇ ಬಿಟ್. ಅದು ಮುರಿಯಲಿಲ್ಲ. ಮುರಿಯುತ್ತದೆ ಎಂದು ಮುನ್ನೂರ ಹನ್ನೆರಡು ಸಲವೂ ಹೆದರಿದ್ದೆ.

ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಅಕ್ಕನ ಅಡುಗೆಮನೆಗೆ ಒಯ್ದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಕಡಲೆಹಿಟ್ಟಿನ ಉಂಡೆ ಒರಳಿಗೆ ತುಂಬಿ, ಕಾದ ಎಣ್ಣೆಯ ಮೇಲೆ ಹಿಡಿದು ತಿರುಗಿಸಿದರು. ಸಣ್ಣ ಎಳೆಗಳು ಒಟ್ಟಿಗೇ ಇಳಿದು, ಒಟ್ಟಿಗೇ ನೊರೆಯೆದ್ದು, ಒಟ್ಟಿಗೇ ಹೊಂಬಣ್ಣಕ್ಕೆ ತಿರುಗಿದವು. ಜಾಲರಿಯಲ್ಲಿ ತೆಗೆದು ಹುಡುಕಿದರು. ಕಪ್ಪಗಿನ ಎಳೆ ಒಂದೂ ಇರಲಿಲ್ಲ.

"ಆತು ಬಿಡ್ರಿ" ಎಂದರು. ಅಷ್ಟೇ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮಿಬ್ಬರ ನಡುವೆ ಒಂದು ತಟ್ಟೆ ಶೇವ್ ಇಟ್ಟರು. ಒಲೆಯ ಶಾಖಕ್ಕೆ ಬೆವರು ಒರೆಸಿಕೊಂಡರೋ ಏನೋ, ನಾನು ನೋಡಲಿಲ್ಲ.

ವಸುಬಾರಸದ ಬೆಳಿಗ್ಗೆ ಪಾಕೀಟು ಹೊರಲು ನಾನೂ ಹೋದೆ. ನನ್ನ ಕೈಯಲ್ಲಿ ಎರಡು ಚೀಲ, ಅವರ ಕೈಯಲ್ಲಿ ಎರಡು. ಹೆಂಗಸರ ಡಬ್ಬಿ ನಿಲ್ಲುವ ಜಾಗದಲ್ಲಿ ಕಾಲೂರಲು ಎಡೆಯಿರಲಿಲ್ಲ. ನನಗೆ ಮೊಣಕೈಯಲ್ಲಿ ತಿವಿದವರೆಷ್ಟೋ, ಇದು ಲೇಡೀಸ್ ಎಂದು ಗದರಿದವರೆಷ್ಟೋ. ಮಾಝೀ, ಮಾಝೀ, ನನ್ನದು, ನನ್ನದು ಎಂದು ಕೈ ಚಾಚಿದವರಿಗೆ ಅಕ್ಕ ಹೆಸರು ಕೂಗಿ ಕೂಗಿ ಕೊಡುತ್ತಿದ್ದರು. ಗಾಡಿ ಬಂತು. ಪಾಕೀಟು ತೆಗೆದುಕೊಂಡವರು ನುಗ್ಗಿ ಹತ್ತಿದರು. ಒಳಗೆ ಯಾರೋ ಆಗಲೇ ಒಂದು ಪಾಕೀಟು ಒಡೆದಿರಬೇಕು. ಆರ್ಡರ್ ಕೊಡದಿದ್ದ ಒಬ್ಬ ಹೆಂಗಸು ಬಾಯಲ್ಲಿ ಶೇವ್ ಇಟ್ಟುಕೊಂಡೇ ಬಾಗಿಲಿನಿಂದ ಬಗ್ಗಿ, ಇದು ಯಾವ ಅಂಗಡಿಯದು ಎಂದು ಕೇಳಿದಳು.

"ಕುಠಲ್ಯಾ ದುಕಾನಾತಲೀ ಶೇವ್ ಆಹೆ ಹೀ?"

ಅಕ್ಕ ಏನೋ ಹೇಳಿದರು. ಅದು ಪಕ್ಕದಲ್ಲಿದ್ದ ನನಗೂ ಕೇಳಲಿಲ್ಲ. ಗಾಡಿ ಹೊರಟಿತ್ತು.

"ಕಾಯ್?" ಎಂದು ಆಕೆ ಕಿವಿಗೆ ಕೈ ಇಟ್ಟಳು.

ಅಕ್ಕ ಖಾಲಿ ಚೀಲಗಳನ್ನು ನನ್ನ ಕಡೆ ಎಸೆದು ಗಾಡಿಯ ಜೊತೆ ನಾಲ್ಕು ಹೆಜ್ಜೆ ಓಡಿದರು. ಇಡೀ ಡಬ್ಬಿ ತಿರುಗಿ ನೋಡುವಷ್ಟು ಜೋರಾಗಿ ಕೂಗಿದರು.

"ದುಕಾನಾತಲೀ ನಾಹೀ! ಮಾಝೀ ಆಹೆ! ಮಾಝೀ!"